ಟೊಮೆಟೊ ಥರದ ಪಾಯಿಂಟು: ಹೋಟೆಲ್, ವಿಮಾನದ ರಿವಾರ್ಡ್ ಕೊಳೆಯೋ ಮೊದಲು ಬಳಸೋದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹಿಂದೆ ಗಲಾಟೆ ಕೇಳಿಸ್ತಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಈ ಸಲ ಸ್ಟುಡಿಯೋದಲ್ಲಿಲ್ಲ. ಗುಂಡ್ಲುಪೇಟೆ ದಾಟಿ, ಊಟಿ ರಸ್ತೆಯಲ್ಲಿ ಹಂಗಳದ ಹತ್ತಿರ ಬಲಕ್ಕೆ ತಿರುಗಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಕೂತಿದ್ದೀನಿ. ಇಲ್ಲಿಂದ ಮೇಲಕ್ಕೆ ನಮ್ಮ ಗಾಡಿ ಬಿಡೋದಿಲ್ಲ. ಇದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಬೆಟ್ಟ, 1,454 ಮೀಟರ್ ಎತ್ತರ. ಕಾರನ್ನ ಕೆಳಗೇ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಮೇಲೆ ಮಂಜು ಕವಿದಿದೆ, ದೇವಸ್ಥಾನ ಕಾಣ್ತಾ ಇಲ್ಲ.

ಪಕ್ಕದಲ್ಲಿ ಅಮ್ಮ ಇದ್ದಾರೆ. ನಿನ್ನೆ ರಾತ್ರಿ ಮೈಸೂರಿನ ಹೋಟೆಲ್‌ನಲ್ಲಿ ರೂಮಿಗೆ ದುಡ್ಡು ಕೊಡಲಿಲ್ಲ, ಪಾಯಿಂಟಲ್ಲಿ ಆಯ್ತು ಅಂತ ಹೇಳಿದ್ದೆ. ಈಗ ಬಸ್ ಕಾಯ್ತಾ ಕೇಳಿದ್ರು, "ನಿನ್ನ ಪಾಯಿಂಟು ಈ ಬಸ್ಸಿಗೂ ನಡೆಯುತ್ತಾ ಮಗಾ?"

ನಡೆಯಲ್ಲ. ಆದ್ರೆ ಪ್ರಶ್ನೆ ಸರಿಯಾಗಿದೆ. ಪಾಯಿಂಟ್ ಎಲ್ಲಿ ನಡೆಯುತ್ತೆ, ಎಷ್ಟಕ್ಕೆ ನಡೆಯುತ್ತೆ, ಎಷ್ಟು ದಿನ ನಡೆಯುತ್ತೆ? ಹೋದ ತಿಂಗಳಿಂದ ನಿಮ್ಮಲ್ಲಿ ಅನೇಕರು ಕಳಿಸ್ತಿರೋ ವಾಯ್ಸ್ ಮೆಸೇಜ್‌ಗಳೂ ಇದರ ಸುತ್ತಾನೇ ಇವೆ. ಕ್ರೆಡಿಟ್ ಕಾರ್ಡ್‌ನಲ್ಲಿ ಇಷ್ಟು ಪಾಯಿಂಟ್ ಇದೆ, ಏರ್‌ಲೈನ್‌ನಲ್ಲಿ ಇಷ್ಟು ಮೈಲ್ಸ್ ಇದೆ, ಏನ್ ಮಾಡ್ಲಿ ಅಂತ.

ಮೊದಲು ನಾನು ಕೆಟ್ಟ ಕಥೆ ಹೇಳ್ತೀನಿ. ಅಕ್ಕ ಅಮೆರಿಕದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಮ್ಮನ್ನ ಕಳಿಸಬೇಕಿತ್ತು. ಮೂರು ವರ್ಷ ಕಾರ್ಡಿನ ಪಾಯಿಂಟ್ ಕೂಡಿಟ್ಟಿದ್ದೆ, ಮಧ್ಯೆ ಒಂದು ರೂಪಾಯಿನದ್ದೂ ಮುಟ್ಟಿರಲಿಲ್ಲ. ಒಂದು ವಿಮಾನ ಕಂಪನಿಯ ಆ್ಯಪ್‌ನಲ್ಲಿ ಸೀಟು ಕಾಣಿಸ್ತು. ಖುಷಿಯಲ್ಲಿ ಬ್ಯಾಂಕಿನ ಪಾಯಿಂಟ್ ಪೂರ್ತಿ ಆ ಕಂಪನಿಯ ಮೈಲ್ಸ್‌ಗೆ ವರ್ಗಾಯಿಸಿದೆ. ಮೈಲ್ಸ್ ಖಾತೆಗೆ ಬೀಳೋಕೆ ನಾಲ್ಕು ದಿನ ಹಿಡೀತು. ಅಷ್ಟರಲ್ಲಿ ಸೀಟು ಹೋಗಿತ್ತು. ಬ್ಯಾಂಕಿಗೆ ವಾಪಸ್ ಹಾಕಿ ಅಂದ್ರೆ ಆಗಲ್ಲ, ಅದು ಒನ್‌ವೇ ರಸ್ತೆ. ಎರಡು ತಿಂಗಳ ನಂತರ ಕಂಪನಿ ಅದೇ ಪ್ರಯಾಣಕ್ಕೆ ಬೇಕಾದ ಮೈಲ್ಸ್‌ನ ಲೆಕ್ಕವನ್ನೇ ಏರಿಸಿಬಿಡ್ತು. ಕೊನೆಗೆ ಅಮ್ಮ ಹೋಗಿದ್ದು ಇಎಂಐ ಟಿಕೆಟ್‌ನಲ್ಲಿ. ಉಳಿದ ಮೈಲ್ಸ್‌ನಲ್ಲಿ ಅರ್ಧ ಅವಧಿ ಮುಗಿದು ಸತ್ತವು.

ಕಂಪನಿಯ ಹೆಸರು ಹೇಳಲ್ಲ, ಯಾಕಂದ್ರೆ ಅವರು ನಿಯಮ ಮುರಿದಿರಲಿಲ್ಲ. ನಿಯಮ ಬರೆದವರೇ ಅವರು. ಈ ಎಲ್ಲ ಕಾರ್ಯಕ್ರಮಗಳ ಷರತ್ತುಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತೆ: ಪಾಯಿಂಟ್ ಸದಸ್ಯರ ಆಸ್ತಿ ಅಲ್ಲ, ಲೆಕ್ಕವನ್ನ ಕಂಪನಿ ಯಾವಾಗ ಬೇಕಾದ್ರೂ ಬದಲಿಸಬಹುದು. ನಾವು 'ಒಪ್ಪಿದೆ' ಅಂತ ಒತ್ತಿ ಮುಂದೆ ಹೋಗಿರ್ತೀವಿ.

ನಮ್ಮ ದೊಡ್ಡಪ್ಪ ತೆರಕಣಾಂಬಿ ಮಾರ್ಕೆಟ್‌ಗೆ ಟೊಮೆಟೊ ಹಾಕ್ತಿದ್ರು. ಈ ಕಡೆಯವರಿಗೆ ಗೊತ್ತಿರುತ್ತೆ, ಅಲ್ಲಿಂದ ತರಕಾರಿ ಲಾರಿ ಲಾರಿ ಕೇರಳಕ್ಕೆ ಹೋಗುತ್ತೆ. ಒಂದು ದಿನ ರೇಟ್ ಬಿದ್ದಾಗ, ನಾಳೆ ತಗೊಂಡು ಬರೋಣ ದೊಡ್ಡಪ್ಪ ಅಂದಿದ್ದೆ, ಚಿಕ್ಕವನಿದ್ದಾಗ. ಅವರು ನಕ್ಕು, "ಇವತ್ತಿನ ರೇಟು ಇವತ್ತಿಗೆ ಕನಪ್ಪ. ನಾಳ ಚೆನ್ನಾಗಿ ಬತ್ತುದ ಅಂತ ಮಡಿಕಂಡು ಕೂತ್ರ ಹಣ್ಣು ಕೊಳ್ತೋಯ್ತುದ" ಅಂದ್ರು. ನಾನು ಮೂರು ವರ್ಷ ಪಾಯಿಂಟನ್ನ ಚಿನ್ನದ ಹಾಗೆ ಬೀರುವಿನಲ್ಲಿಟ್ಟಿದ್ದೆ. ಅದು ಟೊಮೆಟೊ ಅಂತ ಗೊತ್ತಾಗೋಕೆ ಅಷ್ಟು ದುಡ್ಡು ಖರ್ಚಾಯ್ತು.

ಹಾಗಾದ್ರೆ ಕಂಪನಿಗಳು ಇದನ್ನ ಯಾಕೆ ಕೊಡ್ತಾವೆ? ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಎಅಡ್ವಾಂಟೇಜ್ ಅನ್ನೋ ಕಾರ್ಯಕ್ರಮ ಶುರು ಮಾಡಿದಾಗ ಉದ್ದೇಶ ಸರಳ: ನಮ್ಮ ವಿಮಾನದಲ್ಲೇ ಮತ್ತೆ ಮತ್ತೆ ಹಾರಿ, ಒಂದು ಸೀಟು ಬಿಟ್ಟಿ ಕೊಡ್ತೀವಿ. ಆಮೇಲೆ ಬ್ಯಾಂಕ್‌ಗಳು ಬಂದವು. ನೀವು ಕಾರ್ಡ್ ಉಜ್ಜಿದಾಗ ಸಿಗೋ ಮೈಲ್ಸ್‌ನ ಬ್ಯಾಂಕು ವಿಮಾನ ಕಂಪನಿಯಿಂದ ದುಡ್ಡು ಕೊಟ್ಟು ಕೊಂಡಿರುತ್ತೆ. ಈ ವ್ಯಾಪಾರ ಎಷ್ಟು ದೊಡ್ಡದು ಅಂದ್ರೆ, 2020ರಲ್ಲಿ ಕೋವಿಡ್‌ನಿಂದ ವಿಮಾನಗಳೆಲ್ಲ ನೆಲಕ್ಕೆ ಕೂತಾಗ ಅಮೆರಿಕದ ಯುನೈಟೆಡ್ ಕಂಪನಿ ತನ್ನ ಮೈಲೇಜ್‌ಪ್ಲಸ್ ಕಾರ್ಯಕ್ರಮವನ್ನೇ ಅಡ ಇಟ್ಟು ನೂರಾರು ಕೋಟಿ ಡಾಲರ್ ಸಾಲ ಎತ್ತಿತು. ವಿಮಾನ ಹಾರದಿದ್ರೂ ಮೈಲ್ಸ್ ಮಾರಬಹುದು, ನೋಡಿ! ಅಂದ್ರೆ ಇದು ಅವರೇ ಛಾಪಿಸೋ ನೋಟು. ಎಷ್ಟು ಛಾಪಿಸಬೇಕು, ಅದರಲ್ಲಿ ಏನು ಸಿಗಬೇಕು, ಎರಡೂ ಅವರ ಕೈಯಲ್ಲೇ.

ಛಾಪಿಸೋರೇ ಮುಚ್ಚಿಹೋದ್ರೆ? ನಮ್ಮ ಬೆಂಗಳೂರಿನಲ್ಲೇ ಆಗಿದೆ. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಶುರುವಾಯ್ತು, ಅವರ ಕಾರ್ಯಕ್ರಮದ ಹೆಸರು ಕಿಂಗ್ ಕ್ಲಬ್. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ವಿಮಾನವೇ ಇಲ್ಲದ ಮೇಲೆ ಆ ಮೈಲ್ಸ್‌ಗೆ ಬೆಲೆ ಎಲ್ಲಿಂದ ಬರಬೇಕು? ಜೆಟ್ ಏರ್‌ವೇಸ್ ಕಥೆ ಸ್ವಲ್ಪ ಬೇರೆ. 2019ರ ಏಪ್ರಿಲ್‌ನಲ್ಲಿ ಅದೂ ನಿಂತಿತು, ಆದ್ರೆ ಜೆಟ್‌ಪ್ರಿವಿಲೇಜ್ ಬೇರೆ ಕಂಪನಿಯಾಗಿತ್ತು, ಅದರಲ್ಲಿ ಎತಿಹಾದ್‌ನ ಪಾಲೇ ಹೆಚ್ಚು. ಹಾಗಾಗಿ ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡು ಮೈಲ್ಸ್ ಬದುಕಿದವು. ಇನ್ನು ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋದಾಗ ಕ್ಲಬ್ ವಿಸ್ತಾರದ ಪಾಯಿಂಟ್‌ಗಳು ಏರ್ ಇಂಡಿಯಾ ಕಡೆಗೆ ಬಂದವು. ಆ ಕಾರ್ಯಕ್ರಮದ ಈಗಿನ ಹೆಸರು ಮಹಾರಾಜ ಕ್ಲಬ್. ಮೂರು ಕಂಪನಿ, ಮೂರು ಗತಿ. ಯಾವುದರಲ್ಲೂ ಸದಸ್ಯರನ್ನ ಯಾರೂ ಕೇಳಲಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ಫೋನಿನ ಕ್ಯಾಲ್ಕುಲೇಟರ್ ಸಾಕು. ಪಾಯಿಂಟ್ ಇಲ್ಲದೆ ಎಷ್ಟು ದುಡ್ಡು ಕೊಡಬೇಕಿತ್ತೋ ಅದರಲ್ಲಿ, ಪಾಯಿಂಟ್ ಕೊಟ್ಟ ಮೇಲೂ ಕಟ್ಟಬೇಕಾದ ತೆರಿಗೆ, ಶುಲ್ಕ ಕಳೀರಿ. ಉಳಿದಿದ್ದನ್ನ ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿ. ಬಂದಿದ್ದು ಒಂದು ಪಾಯಿಂಟಿನ ಬೆಲೆ.

ನಮ್ಮ ಮೈಸೂರಿನ ರೂಮನ್ನೇ ತಗೊಳ್ಳಿ. ಒಂದು ರಾತ್ರಿಗೆ 6,000 ರೂಪಾಯಿ. 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಪರ್ಸೆಂಟ್, ಹಾಗಾಗಿ ಒಟ್ಟು 6,300. ಆ್ಯಪ್ ಕೇಳಿದ್ದು 12,000 ಪಾಯಿಂಟ್, ಮೇಲೆ ಏನೂ ಕಟ್ಟೋದಿಲ್ಲ. ಭಾಗಿಸಿದ್ರೆ ಒಂದು ಪಾಯಿಂಟಿಗೆ 52 ಪೈಸೆ ಚಿಲ್ಲರೆ. ಇದೇ ಪಾಯಿಂಟಲ್ಲಿ ಗಿಫ್ಟ್ ವೋಚರ್ ತಗೊಂಡಿದ್ರೆ ಅದರ ಅರ್ಧವೂ ಬರ್ತಿರಲಿಲ್ಲ. ಮಿಕ್ಸಿ, ಸೂಟ್‌ಕೇಸ್, ಇಯರ್‌ಫೋನ್ ಅಂತ ಆ್ಯಪ್‌ನಲ್ಲಿ ತೋರಿಸ್ತಾರಲ್ಲ, ಅದಕ್ಕೂ ಇದೇ ಲೆಕ್ಕ ಹಾಕಿ ನೋಡಿ. ಆ ಮಿಕ್ಸಿಗೆ ಗುಂಡ್ಲುಪೇಟೆ ಅಂಗಡಿಯಲ್ಲಿ ಎಷ್ಟು ಅಂತ ಹುಡುಕಿ ಭಾಗಿಸಿದ್ರೆ ನಗು ಬರುತ್ತೆ.

ಈಗ ಅದೇ ರೂಮು ದಸರಾದಲ್ಲಿ. ಜಂಬೂಸವಾರಿ ವಾರ ರೇಟು 9,000ಕ್ಕೆ ಏರಿತು ಅಂದ್ಕೊಳ್ಳಿ. 7,500 ದಾಟಿದ್ದಕ್ಕೆ ಜಿಎಸ್‌ಟಿ 18 ಪರ್ಸೆಂಟ್, ಒಟ್ಟು 10,620 ರೂಪಾಯಿ. ಪಾಯಿಂಟ್ ಮಾತ್ರ ಹಳೇ 12,000ವೇ ಇದ್ರೆ ಒಂದಕ್ಕೆ 88 ಪೈಸೆ. ಲಾಟರಿ! ಹಿಂದೆಲ್ಲ ಜನ ಮಾಡ್ತಿದ್ದಿದ್ದು ಇದೇ, ಯಾಕಂದ್ರೆ ಹೋಟೆಲ್‌ಗಳು ದರ್ಜೆ ಪ್ರಕಾರ ಪಾಯಿಂಟಿನ ಪಟ್ಟಿ ಹಾಕಿರ್ತಿದ್ವು. ಮ್ಯಾರಿಯಟ್ 2022ರ ಮಾರ್ಚ್‌ನಲ್ಲಿ ಆ ಪಟ್ಟಿ ಬಿಟ್ಟಿತು. ಈಗ ರೇಟ್ ಏರಿದ ಹಾಗೆ ಪಾಯಿಂಟೂ ಏರುತ್ತೆ. 12,000 ಇದ್ದದ್ದು 20,000 ಆಯ್ತು ಅಂದ್ಕೊಳ್ಳಿ, ಮತ್ತೆ 53 ಪೈಸೆಗೇ ಬಂದು ನಿಂತ್ವಿ. ಹಾಗಂತ ದಸರಾ, ವರ್ಷಾಂತ್ಯ, ಉದ್ದದ ವೀಕೆಂಡ್‌ಗಳಲ್ಲಿ ನೋಡೋದನ್ನ ಬಿಡಬೇಡಿ. ಕೆಲವು ಕಡೆ ದುಡ್ಡಿನ ರೇಟಿನಷ್ಟು ವೇಗವಾಗಿ ಪಾಯಿಂಟ್ ಏರಿರಲ್ಲ. ಎರಡು ನಿಮಿಷದ ಕೆಲಸ, ಎರಡೂ ರೇಟು ನೋಡಿ ಭಾಗಿಸಿ.

ಇನ್ನು ಕೆಲವು ಕಾರ್ಯಕ್ರಮಗಳಲ್ಲಿ ಈ ಜಾಣತನಕ್ಕೆ ಜಾಗವೇ ಇಲ್ಲ. ಅಕಾರ್ ಗುಂಪಿನದ್ದು 2,000 ಪಾಯಿಂಟಿಗೆ 40 ಯೂರೋ ಅಂತ ನಿಗದಿ. ಮೈಸೂರಿನ ಗ್ರ್ಯಾಂಡ್ ಮರ್ಕ್ಯೂರ್ ಆ ಗುಂಪಿನದ್ದೇ. ಟಾಟಾದವರ ನ್ಯೂಕಾಯಿನ್ ಒಂದಕ್ಕೆ ಒಂದು ರೂಪಾಯಿ, ತಾಜ್ ಹೋಟೆಲ್‌ಗಳಲ್ಲೂ ಬಳಸಬಹುದು. ಇಂಥವನ್ನ ಕೂಡಿಡೋದರಲ್ಲಿ ಅರ್ಥವೇ ಇಲ್ಲ. ದಸರಾಗೆ ಕಾಯಬೇಡಿ, ಮುಂದಿನ ಸಲ ಹೋದಾಗಲೇ ಬಿಲ್ಲಲ್ಲಿ ಕಳೀರಿ.

ನಿಮಗೆ ಮೈಸೂರು ಯಾಕೆ, ಬಂಡೀಪುರದಲ್ಲೇ ಉಳೀಬಹುದಿತ್ತಲ್ಲ ಅನ್ನಿಸಬಹುದು. ಅಮ್ಮನಿಗೂ ಅದೇ ಆಸೆ ಇತ್ತು. ಆದ್ರೆ ಇಲ್ಲಿ ಕಾಡಂಚಿನಲ್ಲಿರೋ ಸರ್ಕಾರದ ಜಂಗಲ್ ಲಾಡ್ಜಸ್‌ನ ಬಂಡೀಪುರ ಸಫಾರಿ ಲಾಡ್ಜ್‌ಗೆ ದುಡ್ಡೇ ಬೇಕು, ನನ್ನ ಹೋಟೆಲ್ ಚೈನಿನ ಪಾಯಿಂಟ್ ಅಲ್ಲಿ ಕೆಲಸಕ್ಕೆ ಬರಲ್ಲ. ಬೆಟ್ಟದ ಮೇಲೆ ರಾತ್ರಿ ಉಳಿಯೋ ಹಾಗೇ ಇಲ್ಲ. ಅದಕ್ಕೆ ನಾನು ಮಾಡಿದ್ದು ಇಷ್ಟು: ಪಾಯಿಂಟ್ ನಡೆಯೋ ಕಡೆ, ಅಂದ್ರೆ ಗುಂಡ್ಲುಪೇಟೆಗೆ 60 ಕಿಲೋಮೀಟರ್ ದೂರದ ಮೈಸೂರಿನಲ್ಲಿ, ಎರಡು ರಾತ್ರಿಗೆ 24,000 ಪಾಯಿಂಟ್ ಖಾಲಿ ಮಾಡಿದೆ. ಉಳಿದ 12,600 ರೂಪಾಯಿ ನಾಳೆಯ ಸಫಾರಿಗೆ, ಡೀಸೆಲ್‌ಗೆ, ಊಟಕ್ಕೆ ಆಗುತ್ತೆ. ಪಾಯಿಂಟಿಗೆ 'ಬೆಸ್ಟ್ ವ್ಯಾಲ್ಯೂ' ಹುಡುಕೋರು ಈ ಕೂಡಿ ಕಳೆಯೋ ಲೆಕ್ಕವನ್ನ ಮರೀತಾರೆ. ಪಾಯಿಂಟ್ ಒಂದೇ ಇಡೀ ಟ್ರಿಪ್ ನಡೆಸಬೇಕಿಲ್ಲ, ನಡೆಯೋ ಜಾಗದಲ್ಲಿ ದುಡ್ಡನ್ನ ಬಿಡುಗಡೆ ಮಾಡಿದ್ರೆ ಸಾಕು.

ಒಂದು ಕಿವಿಮಾತು. ಹೋಟೆಲ್ ಪಾಯಿಂಟ್ ಬೇಕು ಅಂದ್ರೆ ಸಾಮಾನ್ಯವಾಗಿ ಹೋಟೆಲ್‌ನ ಸ್ವಂತ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲೇ ಬುಕ್ ಮಾಡಬೇಕು. ಬೇರೆ ಟ್ರಾವೆಲ್ ಆ್ಯಪ್‌ಗಳಿಂದ ಮಾಡಿದ್ರೆ ಸಾಮಾನ್ಯವಾಗಿ ಪಾಯಿಂಟ್ ಬರಲ್ಲ. ಆದ್ರೆ ಆ ಆ್ಯಪ್‌ನಲ್ಲಿ 800 ರೂಪಾಯಿ ಕಡಿಮೆ ಇದ್ದು, ನಿಮಗೆ ತಪ್ಪೋ ಪಾಯಿಂಟಿನ ಬೆಲೆ 300 ಆಗಿದ್ರೆ? 800 ಉಳಿಸಿ, ಅಷ್ಟೇ.

ವಿಮಾನಕ್ಕೆ ಬಂದ್ರೆ ಏರಿಳಿತ ಇನ್ನೂ ಜೋರು. ಬೆಂಗಳೂರು–ದೆಹಲಿ ಟಿಕೆಟ್ 5,500 ರೂಪಾಯಿಗೆ ಸಿಗ್ತಿದೆ, ಅದಕ್ಕೆ 9,000 ಮೈಲ್ಸ್ ಜೊತೆಗೆ 1,200 ರೂಪಾಯಿ ತೆರಿಗೆ ಕೇಳ್ತಾರೆ ಅಂದ್ಕೊಳ್ಳಿ. 5,500ರಲ್ಲಿ 1,200 ಕಳೆದು 9,000ದಿಂದ ಭಾಗಿಸಿದ್ರೆ 48 ಪೈಸೆಗೆ ಸ್ವಲ್ಪ ಕಡಿಮೆ. ಈ ಟಿಕೆಟ್ ದುಡ್ಡಲ್ಲೇ ತಗೊಳ್ಳಿ. ಆದ್ರೆ ನಾಳೆ ಬೆಳಿಗ್ಗೆ ತುರ್ತಾಗಿ ಹೋಗಬೇಕು, ಟಿಕೆಟ್ 14,000 ಆಗಿದೆ, ಮೈಲ್ಸ್ ಮಾತ್ರ ಅಷ್ಟೇ ಇದೆ ಅಂದ್ರೆ ಒಂದು ಮೈಲಿಗೆ ಒಂದೂ ಕಾಲು ರೂಪಾಯಿಗಿಂತ ಹೆಚ್ಚು. ಆಗ ಮೈಲ್ಸ್ ಹೊರಗೆ ತೆಗೀರಿ. ಊರಲ್ಲಿ ಯಾರಿಗೋ ಹುಷಾರಿಲ್ಲ ಅಂತ ರಾತ್ರೋರಾತ್ರಿ ಹೊರಡೋರಿಗೆ ಇದರಷ್ಟು ಒಳ್ಳೆ ಉಪಯೋಗ ಇನ್ನೊಂದಿಲ್ಲ. ಎಷ್ಟೋ ಕಾರ್ಯಕ್ರಮಗಳಲ್ಲಿ ಮೈಲ್ಸ್ ಟಿಕೆಟ್ ರದ್ದು ಮಾಡೋ ಶುಲ್ಕವೂ ಕಡಿಮೆ ಇರುತ್ತೆ, ಬುಕ್ ಮಾಡೋ ಮುಂಚೆ ಒಂದ್ಸಲ ನೋಡ್ಕೊಳ್ಳಿ.

ವಿದೇಶಕ್ಕೆ ಹೋಗೋರು ಮೈತ್ರಿಕೂಟ ನೋಡಬೇಕು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಸದಸ್ಯ. ಅಂದ್ರೆ ಅವರ ಪಾಯಿಂಟನ್ನ ಸಿಂಗಾಪುರ್ ಏರ್‌ಲೈನ್ಸ್, ಲುಫ್ತಾನ್ಸಾದಂಥ ಜೊತೆಗಾರರ ವಿಮಾನದಲ್ಲೂ ಬಳಸೋ ದಾರಿ ಇದೆ, ಸೀಟು ಬಿಟ್ಟಿದ್ರೆ. ಇಂಡಿಗೋದ ಬ್ಲೂಚಿಪ್ 2024ರಲ್ಲಿ ಬಂದಿದ್ದು, ಇಂಡಿಗೋ ಆ ಥರದ ಕೂಟದಲ್ಲಿಲ್ಲ. ದೇಶದೊಳಗೇ ಓಡಾಡೋರಿಗೆ ಅದರಿಂದ ತೊಂದರೆಯೇನಿಲ್ಲ.

ಈಗ ಯೂಟ್ಯೂಬ್‌ನವರ ಅಚ್ಚುಮೆಚ್ಚಿನ ವಿಷಯ. ಮೂರು ಲಕ್ಷದ ಬಿಸಿನೆಸ್ ಕ್ಲಾಸ್ ಟಿಕೆಟ್ ಬರೀ 60,000 ಮೈಲ್ಸ್‌ಗೆ! 15,000 ತೆರಿಗೆ ಕಳೆದು ಭಾಗಿಸಿ, ಒಂದು ಮೈಲಿಗೆ 4 ರೂಪಾಯಿ 75 ಪೈಸೆ ಅಂತಾರೆ. ಈ ಬೆಟ್ಟದ ಸ್ಥಳಪುರಾಣ ಗೊತ್ತಲ್ವಾ? ಹಂಸತೀರ್ಥದಲ್ಲಿ ಮುಳುಗಿದ ಕಾಗೆ ಹಂಸ ಆಗಿ ಎದ್ದು ಬಂತಂತೆ, ಅದಕ್ಕೇ ಇಲ್ಲಿ ಕಾಗೆ ಇಲ್ಲ ಅಂತಾರೆ. ಬಿಸಿನೆಸ್ ಕ್ಲಾಸ್ ಲೆಕ್ಕವೂ ಹಂಗೇ, ಕಾಗೆ ಮುಳುಗಿಸಿ ಹಂಸ ತೆಗೀತಾರೆ. ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಆ ಸೀಟಿಗೆ ನೀವು ಜೇಬಿಂದ ಮೂರು ಲಕ್ಷ ಕೊಡ್ತಿದ್ರಾ? ನಾನಂತೂ 50,000ದ ಎಕಾನಮಿ ತಗೊಳ್ತಿದ್ದೆ. ಹಾಗಾಗಿ ನನ್ನ ಜೇಬಿನಲ್ಲಿ ನಿಜವಾಗಿ ಉಳಿದಿದ್ದು 35,000, ಮೈಲಿಗೆ 58 ಪೈಸೆ. ಕಾಲು ಚಾಚಿ ಮಲಗೋ ಸುಖಕ್ಕೆ ಬೆಲೆ ಇಲ್ಲ ಅಂತಲ್ಲ. ಮಂಡಿ ನೋವಿರೋ ಅಮ್ಮನಿಗಾದ್ರೆ ನಾನೇ ಅದಕ್ಕೊಂದು ಹತ್ತು ಹದಿನೈದು ಸಾವಿರ ಸೇರಿಸ್ತೀನಿ. ಆದ್ರೆ ಎರಡೂವರೆ ಲಕ್ಷ ಉಳಿಸಿದೆ ಅಂತ ಹೇಳ್ಕೊಂಡು ತಿರುಗೋದು ಸುಳ್ಳು ಲೆಕ್ಕ.

ವರ್ಗಾವಣೆ ಬಗ್ಗೆ ನನ್ನ ಪೆಟ್ಟಿನಿಂದ ಕಲಿತಿದ್ದು ಹೇಳಿಬಿಡ್ತೀನಿ. ಬ್ಯಾಂಕಿನ ಪಾಯಿಂಟ್ ಬ್ಯಾಂಕಿನಲ್ಲೇ ಇರೋತನಕ ಅದಕ್ಕೆ ಹತ್ತು ದಾರಿ. ವಿಮಾನ ಕಂಪನಿಗೆ ಹೋದ ಮೇಲೆ ಒಂದೇ ದಾರಿ. ಮೊದಲು ಸೀಟು ಹುಡುಕಿ, ಆ ಬ್ಯಾಂಕಿನಿಂದ ಆ ಕಂಪನಿಗೆ ಎಷ್ಟು ದಿನ ಹಿಡಿಯುತ್ತೆ ಅಂತ ತಿಳ್ಕೊಳ್ಳಿ, ದೊಡ್ಡ ವರ್ಗಾವಣೆಗೆ ಮುಂಚೆ ಸಣ್ಣದೊಂದು ಮಾಡಿ ನೋಡಿ. ಅದೇ ವಾರ ಇನ್ನೆರಡು ತಾರೀಖಿನಲ್ಲೂ ಸೀಟು ಇದ್ರೆ ಮಾತ್ರ ಮುಂದುವರೀರಿ. ಒಂದೇ ಸೀಟು, ನಾಲ್ಕು ದಿನದ ಕಾಯುವಿಕೆ ಅಂದ್ರೆ ಜೂಜು.

ಅವಧಿಯೂ ಒಂದೊಂದು ಕಡೆ ಒಂದೊಂದು ಥರ. ಸಿಂಗಾಪುರ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ ಮೂರು ವರ್ಷ ಆಯಸ್ಸು. ಮ್ಯಾರಿಯಟ್ ಬಾನ್‌ವಾಯ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ರೆ ಹೋಗುತ್ತೆ, ಅಂದ್ರೆ ಮಧ್ಯೆ ಒಂದು ಸಣ್ಣ ಗಳಿಕೆ ಆದ್ರೂ ಗಡಿಯಾರ ಮತ್ತೆ ಮೊದಲಿಂದ. ಮನೆಯಲ್ಲಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ಇದ್ರೆ ಅಲ್ಲಿ ಒಬ್ಬ ಸದಸ್ಯರಿಂದ ಇನ್ನೊಬ್ಬರಿಗೆ ಕಳಿಸಲೂಬಹುದು. ನಿಮ್ಮ ಆ್ಯಪ್‌ಗಳಲ್ಲಿ ಅವಧಿ ಮುಗಿಯೋ ತಾರೀಖನ್ನ ಹುಡುಕಿ ಫೋನಿನ ಕ್ಯಾಲೆಂಡರ್‌ಗೆ ಎರಡು ತಿಂಗಳು ಮುಂಚೆ ಹಾಕಿ. ಬೇಕಂತಲೇ ಮೂಲೆಯಲ್ಲಿ ಬರೆದಿರ್ತಾರೇನೋ ಅನ್ನಿಸುತ್ತೆ ನಂಗೆ.

ಇಷ್ಟೆಲ್ಲ ಜಾಣತನವನ್ನ ಒಂದೇ ತಿಂಗಳಲ್ಲಿ ನುಂಗೋದು ಕಾರ್ಡಿನ ಬಡ್ಡಿ. ಬಾಕಿ ಉಳಿಸಿಕೊಂಡ್ರೆ ತಿಂಗಳಿಗೆ ಸುಮಾರು ಮೂರೂವರೆ ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಪಾಯಿಂಟಿನಿಂದ ಬರೋದು ಖರ್ಚಿನ ಒಂದೋ ಎರಡೋ ಪರ್ಸೆಂಟ್. ಪೂರ್ತಿ ಬಿಲ್ ಕಟ್ಟೋಕಾಗದ ತಿಂಗಳು ಪಾಯಿಂಟ್ ಆಟ ಆಡಬೇಡಿ, ಯುಪಿಐನಲ್ಲಿ ಇರೋ ದುಡ್ಡಲ್ಲೇ ಕೊಡಿ. ಗೋಲ್ಡ್, ಪ್ಲಾಟಿನಂ ದರ್ಜೆಗೋಸ್ಕರ ಬೇಡದ ಟ್ರಿಪ್ ಹೋಗೋದು, 'ಇವತ್ತೇ ಕೊನೇ ದಿನ, ಡಬಲ್ ಬೋನಸ್' ಅಂತ ಪಾಯಿಂಟನ್ನೇ ದುಡ್ಡು ಕೊಟ್ಟು ಕೊಳ್ಳೋದು, ಇವೆರಡೂ ಅದೇ ಜಾತಿ. ಇಂಥ ದಿನ, ಇಂಥ ರೂಮು ಅಂತ ಕಣ್ಣೆದುರು ಇದ್ದು, ನಾಲ್ಕು ಸಾವಿರ ಪಾಯಿಂಟ್ ಕಮ್ಮಿ ಬೀಳ್ತಿದ್ರೆ ಮಾತ್ರ ಕೊಳ್ಳೋದನ್ನ ಯೋಚಿಸಿ.

ಅಂದ ಹಾಗೆ ನನ್ನ 52 ಪೈಸೆಗಿಂತ ಒಳ್ಳೆ ರೇಟು ಸಿಗ್ತಿತ್ತಾ? ಸಿಗ್ತಿತ್ತು. ಗೋವಾದಲ್ಲಿ ಇನ್ನೊಂದು ಹೋಟೆಲ್‌ನಲ್ಲಿ ಮುಂದಿನ ತಿಂಗಳು 70 ಪೈಸೆ ತೋರಿಸ್ತಿತ್ತು. ಆದ್ರೆ ಅಮ್ಮ ಕೇಳಿದ್ದು ಗೋಪಾಲಸ್ವಾಮಿ ಬೆಟ್ಟ, ಕೇಳಿ ಎರಡು ವರ್ಷ ಆಗಿತ್ತು, ಮೆಟ್ಟಿಲು ಹತ್ತೋಕೆ ಅವರ ಮಂಡಿ ಈ ವರ್ಷ ಇನ್ನೂ ಒಪ್ತಿದೆ. 24,000 ಪಾಯಿಂಟ್ ಮೇಲೆ ಪಾಯಿಂಟಿಗೆ 18 ಪೈಸೆ ಅಂದ್ರೆ 4,320 ರೂಪಾಯಿ ವ್ಯತ್ಯಾಸ. ಅದನ್ನ ಗೊತ್ತಿದ್ದೇ ಬಿಟ್ಟೆ.

ಬಸ್ ಬಂತು. ಕಂಡಕ್ಟರ್ ಚಿಲ್ಲರೆ ರೆಡಿ ಇಟ್ಕೊಳ್ಳಿ ಅಂತ ಕೂಗ್ತಿದ್ದಾರೆ. ಮೇಲೆ ಸಿಗ್ನಲ್ ಸಿಗೋದು ಅನುಮಾನ, ರೆಕಾರ್ಡಿಂಗ್ ಇಲ್ಲಿಗೆ ನಿಲ್ಲಿಸ್ತೀನಿ. ನಿಮ್ಮ ಆ್ಯಪ್‌ನಲ್ಲಿ ಸಿಕ್ಕ ರೇಟು ಎಷ್ಟು ಪೈಸೆ ಬಂತು ಅಂತ ವಾಯ್ಸ್ ಮೆಸೇಜ್ ಕಳಿಸಿ.